ಎಳೆ ಕೂಸು ಎತ್ಕೊಂಡು ಬೆಂಗಳೂರಿಗೆ ಹೋಗಿ ಅವತ್ತೇ ವಾಪಸ್ ಬರ್ಬೇಕಾ? ಹಿಂಗೆ ಪ್ಲಾನ್ ಮಾಡ್ರಿ

ದಾವಣಗೆರೆಯಿಂದ ಬೆಂಗಳೂರಿಗೆ ಹೈವೇ ಮೇಲೆ ಹತ್ತತ್ರ 260 ಕಿಲೋಮೀಟರ್, ಚಿತ್ರದುರ್ಗದಿಂದ 200. ದೊಡ್ಡವರು ಬೆಳಗ್ಗೆ ಹೋಗಿ ರಾತ್ರಿ ಬಂದ್ಬಿಡ್ತಾರೆ, ಆದ್ರೆ ನಾಲ್ಕೈದು ತಿಂಗಳ ಕೂಸಿಗೆ ಹೋಗಿ ಬರೋದೇ ಹತ್ತು ಗಂಟೆ ಆಗುತ್ತೆ. ಅದಕ್ಕೇ ಮೊದ್ಲು ಹೋಗ್ಲೇಬೇಕಾ ಅಂತ ನೋಡ್ರಿ. ನೆಂಟರ ಮನೆ ಗೃಹಪ್ರವೇಶ, ನಾಮಕರಣ ಆದ್ರೆ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಉಳ್ಕೊಳ್ಳೋದು ಎಷ್ಟೋ ವಾಸಿ. ಎರಡು ಮೂರು ತಿಂಗಳು ತುಂಬದ ಕೂಸು, ಅದ್ರಲ್ಲೂ ದಿನ ತುಂಬೋ ಮೊದ್ಲೇ ಹುಟ್ಟಿದ್ದು, ತೂಕ ಕಮ್ಮಿ ಇರೋದು ಆದ್ರೆ ಡಾಕ್ಟರ್‌ನ ಕೇಳ್ದೆ ಹೊರಡಲೇಬೇಡ್ರಿ. ಆಸ್ಪತ್ರೆಗೇ ಹೋಗ್ಬೇಕು, ಅಲ್ಲಿ ಉಳ್ಕೊಳ್ಳೋಕೆ ಯಾರೂ ಇಲ್ಲ ಅನ್ನೋರಿಗಾಗಿ ಮುಂದಿನದ್ದು.

ದಿನ ಗೊತ್ತು ಮಾಡೋದು

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಲಸಿಕೆ ಇರುತ್ತಲ್ಲ, ಅದಾದ್ಮೇಲೆ ಒಂದೆರಡು ದಿನ ಜ್ವರ, ಕಿರಿಕಿರಿ ಇರೋದು ಮಾಮೂಲು, ಆ ದಿನಗಳನ್ನ ಬಿಟ್ಬಿಡ್ರಿ. ಹೊರಡೋ ದಿನ ಬೆಳಗ್ಗೆ ಮೈ ಬೆಚ್ಚಗೆ ಅನ್ಸಿದ್ರೆ ಥರ್ಮಾಮೀಟರ್ ಇಟ್ಟು ನೋಡ್ರಿ. ಮೂರು ತಿಂಗಳೊಳಗಿನ ಮಗುಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ಇದ್ರೆ ಪ್ರಯಾಣ ಬಿಟ್ಟು ಊರಲ್ಲೇ ಮಕ್ಕಳ ಡಾಕ್ಟರ್ ಹತ್ರ ಹೋಗ್ಬೇಕು, ಮುಂದಕ್ಕೆ ಹಾಕೋ ವಿಷಯ ಅಲ್ಲ ಅದು.

ಇನ್ನೊಂದು, ಬೆಂಗಳೂರಲ್ಲಿ ಒಂದೇ ಕೆಲಸ ಇಟ್ಕೊಳ್ರಿ. ಹೆಂಗೂ ಬಂದಿದೀವಿ ಅಂತ ಚಿಕ್ಕಪೇಟೆಯಲ್ಲಿ ಸೀರೆ, ಆಮೇಲೆ ಅತ್ತೆ ಮನೆ, ಆಮೇಲೆ ಲಾಲ್‌ಬಾಗ್ ಅಂತ ಸೇರಿಸ್ತಾ ಹೋದ್ರೆ ಸಾಯಂಕಾಲದ ಹೊತ್ತಿಗೆ ಕೂಸು ನಿದ್ದೆ ಇಲ್ದೆ, ಹೊಟ್ಟೆ ತುಂಬ ಕುಡೀದೆ ಸುಸ್ತಾಗಿರುತ್ತೆ, ತಾಯಿನೂ ಅಷ್ಟೇ. ಬೇರೆಯವರು ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ಬಸ್ಸಾ, ರೈಲಾ, ಕಾರಾ

ರೈಲು ಅಂದ್ರೆ ಎಲ್ರಿಗೂ ವಂದೇ ಭಾರತ್ ನೆನಪಾಗುತ್ತೆ, ಆದ್ರೆ 2023ರಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ಆಗ್ಲಿ, ಜನಶತಾಬ್ದಿ ಆಗ್ಲಿ ಬೆಳಗ್ಗೆ ಬೆಂಗಳೂರಿಂದ ಈ ಕಡೆ ಬರೋವು, ವಾಪಸ್ ಹೋಗೋದು ಮಧ್ಯಾಹ್ನದ ಮೇಲೆ. 2025ರ ಆಗಸ್ಟ್‌ನಲ್ಲಿ ಬಂದ ಬೆಳಗಾವಿ ವಂದೇ ಭಾರತ್ ಬೆಂಗಳೂರು ಮುಟ್ಟೋವಷ್ಟರಲ್ಲಿ ಅರ್ಧ ದಿನ ಮುಗ್ದಿರುತ್ತೆ. ಬೆಳಗ್ಗೆ ಕೆಲಸ ಇರೋರಿಗೆ ಇವು ಯಾವ್ದೂ ಆಗಿಬರಲ್ಲ. ರಾಣಿ ಚೆನ್ನಮ್ಮ ಥರದ ರಾತ್ರಿ ರೈಲು ನಮ್ಮ ಸ್ಟೇಷನ್‌ಗೆ ನಡುರಾತ್ರಿ ದಾಟಿದ್ಮೇಲೆ ಬಂದ್ರೂ ಬೆಳಗ್ಗೆ ಹೊತ್ತಿಗೆ ಇಳಿಸುತ್ತೆ, ತಾಯಿ ಮಲ್ಕೊಂಡೇ ಹಾಲು ಕುಡಿಸ್ಬಹುದು, ಓಡಾಡೋಕೆ ಜಾಗ ಇರುತ್ತೆ. ಲೋಯರ್ ಬರ್ತ್ ಸಿಕ್ಕಿದ್ರೆ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಕೂಸನ್ನ ಗೋಡೆ ಕಡೆ ಮಲಗಿಸ್ರಿ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದ್ರೆ ರೈಲಲ್ಲಿ ಟಿಕೆಟ್ ಇಲ್ಲ.

ಬಸ್ ಅಂದ್ರೆ ದಾವಣಗೆರೆ ಸ್ಟ್ಯಾಂಡಿಂದಾನೇ ಹೊರಡೋ ಬಸ್ ಹತ್ರಿ, ಹುಬ್ಬಳ್ಳಿ ಕಡೆಯಿಂದ ತುಂಬ್ಕೊಂಡು ಬರೋದಕ್ಕೆ ಕಾಯ್ಬೇಡ್ರಿ. ಶಕ್ತಿ ಯೋಜನೆ ಬಂದ್ಮೇಲೆ ಕೆಂಪು ಬಸ್ಸಲ್ಲಿ ಹೆಂಗಸರಿಗೆ ಫ್ರೀ, ನಿಜ, ಆದ್ರೆ ರಶ್ ಇರೋ ದಿನ ಕೂಸು ಎತ್ಕೊಂಡು ನಿಂತು ಹೋಗೋ ಪರಿಸ್ಥಿತಿ ಬರ್ಬಾರ್ದು, ಕೈಲಾಗೋದಾದ್ರೆ ಅವತ್ತೊಂದು ದಿನ ರಾಜಹಂಸದಲ್ಲಿ ಸೀಟ್ ಬುಕ್ ಮಾಡ್ರಿ. ಕಿಟಕಿ ಪಕ್ಕ ತಾಯಿ, ಈಚೆ ಕಡೆ ಮನೆಯವರು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಕುಲುಕಾಟ ಜಾಸ್ತಿ. ಎಸಿ ಬಸ್ಸಾದ್ರೆ ತಲೆ ಮೇಲಿನ ಗಾಳಿ ಕಿಂಡಿ ತಿರುಗಿಸಿ ಮುಚ್ರಿ.

ಕಾರಲ್ಲಿ ಹೋಗೋರಿಗೆ ಒಂದು ಮಾತು ಗಟ್ಟಿಯಾಗೇ ಹೇಳ್ತೀನಿ. ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂಸು ಕೂರಿಸ್ಕೊಂಡು ಹೋಗ್ಬೇಡ್ರಿ. ಜೋರಾಗಿ ಬ್ರೇಕ್ ಬಿದ್ರೆ ಎಷ್ಟೇ ಗಟ್ಟಿ ಹಿಡ್ಕೊಂಡಿದ್ರೂ ಕೈಯಲ್ಲಿ ನಿಲ್ಲಲ್ಲ, ಏರ್‌ಬ್ಯಾಗ್ ಉಬ್ಬಿದ್ರಂತೂ ಅದೇ ಕೂಸಿಗೆ ಕುತ್ತು. ಹಿಂದಿನ ಸೀಟಲ್ಲಿ ಹಿಂದಕ್ಕೆ ಮುಖ ಮಾಡಿರೋ ಬೇಬಿ ಸೀಟ್ ಕಟ್ರಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ದಿದ್ರೆ 1000 ರೂಪಾಯಿ ದಂಡ ಕೂಡ ಇದೆ. ಕೂಸು ಅತ್ರೆ ಗಾಡಿ ಓಡ್ತಿರುವಾಗಲೇ ಬೆಲ್ಟ್ ಬಿಚ್ಚಿ ಹಾಲು ಕೊಡೋದು ಬಹಳ ಮನೆಗಳಲ್ಲಿ ಇದೆ, ಅದು ಬೇಡ, ಗಾಡಿ ನಿಲ್ಲಿಸ್ರಿ. ಎಳೆ ಮಕ್ಕಳನ್ನ ಎರಡು ಗಂಟೆಗೊಂದ್ಸಲ ಆ ಸೀಟಿಂದ ಎತ್ಕೊಂಡು ಬೆನ್ನು ನೀವ್ಬೇಕು. ಲೆಕ್ಕ ಹಾಕಿದ್ರೆ ಒಂದ್ಸಲ ಹಿರಿಯೂರು, ಇನ್ನೊಂದ್ಸಲ ತುಮಕೂರು, ಸರಿಯಾಗಿ ಬರುತ್ತೆ.

ಹಾಲಿನ ವಿಷಯ

ಆರು ತಿಂಗಳವರೆಗೆ ಎದೆಹಾಲು ಬಿಟ್ರೆ ನೀರೂ ಬೇಡ, ಏಪ್ರಿಲ್ ಬಿಸಿಲಲ್ಲೂ ಬೇಡ, ಬದಲಿಗೆ ಇನ್ನೊಂದೆರಡು ಸಲ ಜಾಸ್ತಿ ಕುಡಿಸ್ರಿ. ನೀರು ಜಾಸ್ತಿ ಬೇಕಾಗಿರೋದು ತಾಯಿಗೆ. ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ನೀರೇ ಕುಡೀದೆ ಕೂರೋ ಬಾಣಂತಿಯರು ಎಷ್ಟೋ ಜನ ಇದಾರೆ, ಪಕ್ಕದಲ್ಲಿರೋರು ಬಸ್ ನಿಂತ ಕಡೆಯೆಲ್ಲ ಕೂಸು ಇಸ್ಕೊಂಡು ಅವರನ್ನ ಕಳಿಸ್ರಿ. ಕುಡಿಸಿದ್ಮೇಲೆ ಹತ್ತು ಹದಿನೈದು ನಿಮಿಷ ಕೂಸನ್ನ ಭುಜಕ್ಕೆ ಹಾಕ್ಕೊಂಡು ತೇಗು ಬರ್ಸಿ, ತಕ್ಷಣ ಮಲಗಿಸಿದ್ರೆ ಕುಲುಕಾಟಕ್ಕೆ ಕುಡಿದಿದ್ದೆಲ್ಲ ಕಕ್ಕುತ್ತೆ.

ಡಬ್ಬಿ ಹಾಲು ಕುಡಿಯೋ ಕೂಸಾದ್ರೆ ಮನೇಲೇ ಕಲಸಿ ಬಾಟ್ಲಿಗೆ ತುಂಬ್ಕೊಂಡು ಹೋಗ್ಬೇಡ್ರಿ. ಕುದಿಸಿದ ನೀರು ಬಿಸಿಬಿಸಿಯಾಗೇ ಒಳ್ಳೇ ಫ್ಲಾಸ್ಕಿಗೆ, ಪುಡಿ ಒಂದೊಂದು ಸಲಕ್ಕೆ ಎಷ್ಟು ಬೇಕೋ ಅಷ್ಟು ಅಳೆದು ಒಣಗಿದ ಸಣ್ಣ ಸಣ್ಣ ಡಬ್ಬಿಗೆ, ತೊಳೆದು ಕುದಿಸಿದ ಬಾಟ್ಲಿ ಎಷ್ಟು ಸಲ ಕುಡಿಯುತ್ತೋ ಅಷ್ಟು, ಮೇಲೆ ಒಂದೆರಡು. ನೀರು ಚೆನ್ನಾಗಿ ಬಿಸಿ ಇರುವಾಗಲೇ, ಅಂದ್ರೆ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಆಗೋಕೆ ಮೊದ್ಲೇ ಪುಡಿ ಹಾಕಿ ಕಲಕಿ ಆಮೇಲೆ ಆರಿಸಿ, ಮಣಿಕಟ್ಟಿನ ಒಳಗೆ ಒಂದು ಹನಿ ಬಿಟ್ಟು ನೋಡಿ ಕೊಡ್ರಿ. ಕುಡಿದು ಮಿಕ್ಕಿದ್ದನ್ನ ಚೆಲ್ರಿ, ಮತ್ತೆ ಬಿಸಿ ಮಾಡಿ ಕೊಡೋದು ಬೇಡ. ಹಿಂಡಿಟ್ಟ ಎದೆಹಾಲು ತಣ್ಣಗಿನ ರೂಮಲ್ಲಾದ್ರೆ ನಾಲ್ಕು ಗಂಟೆ ಇರುತ್ತೆ, ನಮ್ಮ ಬಿಸಿಲಿಗೆ ಅದನ್ನ ನಂಬ್ಬೇಡ್ರಿ, ಐಸ್ ಪ್ಯಾಕ್ ಇರೋ ಬ್ಯಾಗ್ ಬೇಕು. ಆರು ತಿಂಗಳು ದಾಟಿದ್ರೆ ಹುರಿದ ರಾಗಿ ಸರಿ ಪುಡಿ ತಗೊಂಡು ಹೋಗಿ ಅಲ್ಲೇ ಬೇಯಿಸ್ಕೊಳ್ಳೋಕೆ ಆಗುತ್ತಾ ನೋಡ್ರಿ, ಆಗಲ್ಲ ಅಂದ್ರೆ ಬಾಳೆಹಣ್ಣು ಸಾಕು, ಅಲ್ಲೇ ಸುಲಿದು ಕಿವುಚಿ ಕೊಡ್ಬಹುದು.

ಬ್ಯಾಗು

ಎರಡು ಬ್ಯಾಗ್ ಮಾಡ್ರಿ. ದೊಡ್ಡದು ಮೇಲೆ ಇರ್ಲಿ, ಸಣ್ಣದು ಕಾಲ ಹತ್ರ. ಸಣ್ಣದ್ರಲ್ಲಿ ಮೂರು ಡೈಪರ್, ಹತ್ತಿ, ಕುದಿಸಿ ಆರಿಸಿದ ನೀರು, ಒಂದು ಜೊತೆ ಬಟ್ಟೆ, ಹಾಸೋಕೆ ಹಳೇ ಕಾಟನ್ ಸೀರೆ ತುಂಡು, ಕೊಳೆ ಹಾಕೋಕೆ ಗಂಟು ಕಟ್ಟೋ ಕವರ್. ತಾಯಿಗೂ ಒಂದು ಜಾಸ್ತಿ ಮೇಲ್ಬಟ್ಟೆ, ಇದನ್ನ ಎಲ್ರೂ ಮರೀತಾರೆ. ಕುಂಚಿಗೆ ಬೇಕೇ ಬೇಕು, ಬೆಂಗಳೂರಲ್ಲಿ ಸಂಜೆ ಗಾಳಿ ನಮ್ಮಂಗಲ್ಲ. ತಾಯಿ ಕಾರ್ಡು, ಲಸಿಕೆ ಕಾರ್ಡು, ಹಳೇ ಚೀಟಿಗಳು ಒಂದೇ ಕವರಲ್ಲಿ, ಅವುಗಳ ಫೋಟೋ ಫೋನಲ್ಲಿ.

ಊರೊಳಗೆ

ಬಸ್ಸಲ್ಲಿ ಹೋದ್ರೆ ಮೆಜೆಸ್ಟಿಕ್‌ವರೆಗೆ ಟ್ರಾಫಿಕ್ಕಲ್ಲಿ ಕೂರೋ ಬದ್ಲು ಜಾಲಹಳ್ಳಿ ಕ್ರಾಸ್‌ನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಮೆಟ್ರೋ ಹತ್ರಿ, ಎಲ್ಲಿ ನಿಲ್ಲಿಸ್ತಾರೆ ಅಂತ ಕಂಡಕ್ಟರ್‌ನ ಹತ್ತುವಾಗಲೇ ಕೇಳಿಟ್ಕೊಳ್ರಿ. ಕಾರಿನವರು ನಾಗಸಂದ್ರ ಸ್ಟೇಷನ್ನಲ್ಲಿ ಗಾಡಿ ಬಿಡ್ಬಹುದು, 2024ರ ನವೆಂಬರಲ್ಲಿ ಹಸಿರು ಮೆಟ್ರೋ ಮಾದಾವರದವರೆಗೂ ಬಂದಿದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಹೋಗೋರು ಇದೇ ಲೈನಲ್ಲಿ ಎಲ್ಲೂ ಬದಲಾಯಿಸ್ದೆ ಲಾಲ್‌ಬಾಗ್‌ವರೆಗೆ ಹೋಗಿ ಅಲ್ಲಿಂದ ಆಟೋ ಮಾಡ್ಕೊಂಡ್ರೆ ಸಾಕು. ಲಿಫ್ಟಲ್ಲೇ ಹೋಗ್ರಿ, ಕೂಸು ಎತ್ಕೊಂಡು ಎಸ್ಕಲೇಟರ್ ಬೇಡ.

ಹಾಲು ಕುಡಿಸೋಕೆ ದೊಡ್ಡ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್, ಮಾಲ್‌ಗಳಲ್ಲಿ ಬೇರೆ ರೂಮ್ ಇರುತ್ತೆ, ಬೋರ್ಡ್ ಕಾಣ್ಸಲ್ಲ ಅಂದ್ರೆ ವಿಚಾರಿಸ್ರಿ. ರೂಮ್ ಸಿಗ್ಲಿಲ್ಲ ಅಂತ ಕೂಸನ್ನ ಅಳಿಸ್ಬೇಡ್ರಿ, ಸೆರಗು ಮುಚ್ಕೊಂಡು ಎಲ್ಲಿ ಬೇಕಾದ್ರೂ ಕೂತು ಕುಡಿಸ್ರಿ. ಎದೆಹಾಲುಣಿಸೋದು ತಾಯಿಯ ಹಕ್ಕು ಅಂತ 2021ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ.

ಆರು ಗಂಟೆ ಆದ್ರೂ ಉಚ್ಚೆ ಹೊಯ್ದಿಲ್ಲ, ನೆತ್ತಿ ಒಳಕ್ಕೆ ಹೋಗಿದೆ, ಎಬ್ಬಿಸಿದ್ರೂ ಹಾಲು ಎಳೀತಿಲ್ಲ, ಇದ್ರಲ್ಲಿ ಯಾವ್ದು ಕಂಡ್ರೂ ಊರಿಗೆ ಹೋಗಿ ತೋರ್ಸೋಣ ಅನ್ಬೇಡ್ರಿ. ಅಲ್ಲೇ ಹತ್ತಿರದ ಆಸ್ಪತ್ರೆ, ಇಲ್ಲಾಂದ್ರೆ 108.

ವಾಪಸ್

ಹೋಗುವಾಗ ಎಲ್ಲಿ ಇಳಿದ್ರೂ ಬರುವಾಗ ಮೆಜೆಸ್ಟಿಕ್‌ನಲ್ಲೇ ಹತ್ರಿ, ಮಧ್ಯದಲ್ಲಿ ಸೀಟ್ ಸಿಗಲ್ಲ. ಸಂಜೆ ಐದರ ಮೇಲೆ ತುಮಕೂರು ರಸ್ತೆ ಕಟ್ಕೊಳುತ್ತೆ, ಅದಕ್ಕೆ ಮೂರು ಮೂರೂವರೆಗೇ ಹೊರಡೋ ಹಂಗೆ ಬುಕ್ ಮಾಡಿ, ಕೆಲಸ ಮುಗೀಲಿಲ್ಲ ಅಂದ್ರೆ ಆಸ್ಪತ್ರೆ ಹತ್ರಾನೇ ರೂಮ್ ಮಾಡ್ಕೊಂಡು ಬೆಳಗ್ಗೆ ಬನ್ರಿ. ಡ್ರೈವಿಂಗ್ ಮಾಡೋರು ಒಬ್ರೇ ಆಗಿದ್ರೆ ಅವರು ಬೆಳಗಿನ ಜಾವದಿಂದ ಎದ್ದಿರ್ತಾರೆ ಅನ್ನೋದು ನೆನಪಿರ್ಲಿ, ಶಿರಾ ದಾಟಿದ್ಮೇಲೆ ರಸ್ತೆ ಖಾಲಿ, ನಿದ್ದೆ ಎಳಿಯೋದು ಅಲ್ಲೇ. ಮಾರನೇ ದಿನ ಮನೆಗೆ ಯಾರನ್ನೂ ಕರೀಬೇಡ್ರಿ, ತಾಯಿ ಕೂಸು ಇಬ್ರೂ ಎಷ್ಟೊತ್ತಿಗೆ ಏಳ್ತಾರೋ ಏಳ್ಲಿ.