ಮಗನ ಪಾಟಿಚೀಲ ಹೊತ್ತು ಹಿಮ್ಮಡಿ ನೋವು ಇಳಿಸಿಕೊಂಡೆ

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಒಂದು ಸೀರೆ ಅಂಗಡಿಯಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಳಗೆ ಗಾದಿ ಹಾಸಿರುತ್ತೇವೆ, ಹಾಗಾಗಿ ಎಲ್ಲರ ಚಪ್ಪಲಿಯೂ ಬಾಗಿಲಲ್ಲೇ. ಗಾದಿ ಗಿರಾಕಿಗೆ, ನಮಗೆ ಅದರ ಹಿಂದಿನ ಟೈಲ್ಸ್. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಬರಿಗಾಲಲ್ಲಿ ನಿಂತು ಕಪಾಟಿನಿಂದ ಇಳಕಲ್ ಸೀರೆ ಇಳಿಸುವುದು, ಬಿಚ್ಚಿ ತೋರಿಸುವುದು, ಮತ್ತೆ ಮಡಚುವುದು. ಲಗ್ನದ ಸೀಸನ್ ಬಂದರೆ ಕೂರುವುದು ಊಟಕ್ಕೆ ಮಾತ್ರ.

ಹೋದ ದೀಪಾವಳಿ ಮುಗಿದ ವಾರ. ಬೆಳಿಗ್ಗೆ ಎದ್ದು ಎಡಗಾಲು ನೆಲಕ್ಕಿಟ್ಟೆ, ಹಿಮ್ಮಡಿಯಲ್ಲಿ ಮುಳ್ಳು ಮುರಿದ ಹಾಗಾಯಿತು. ಗೋಡೆ ಹಿಡಿದು ನಡೆದೆ. ಬಚ್ಚಲು ಮುಟ್ಟುವಷ್ಟರಲ್ಲಿ ನೋವು ಅರ್ಧ ಇಳಿದಿತ್ತು. ಸುಮ್ನೆ ಬಿಟ್ಟೆ. ಹದಿನೈದು ದಿನ ಹೀಗೇ ಆದ ಮೇಲೆ ಹೆಂಡತಿ ಕೇಳಿದಳು, “ಏನ್ರೀ, ಮುದುಕರಗತೆ ಕುಂಟಾಕತ್ತೀರಲ್ಲ?”

ಅವ್ವ ತನ್ನ ಔಷಧಿ ಶುರು ಮಾಡಿದಳು. ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕೆ ಎಲೆ ಇಟ್ಟು, ಅದರ ಮೇಲೆ ಹಿಮ್ಮಡಿ ಒತ್ತಿ ಕೂರುವುದು. ಶಾಖಕ್ಕೆ ಹಿತ ಅನಿಸಿತು, ಸುಳ್ಳು ಹೇಳಲ್ಲ. ಬೆಳಿಗ್ಗೆ ಎದ್ದರೆ ಮತ್ತೆ ಅದೇ ಮುಳ್ಳು. (ಶುಗರ್ ಇದ್ದು ಅಂಗಾಲು ಜುಮ್ಮು ಹಿಡಿದವರು ಆ ಇಟ್ಟಿಗೆಯ ಹತ್ತಿರ ಹೋಗಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.)

ಆಮೇಲೆ ಒಂದು ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ತೆಗೆಸಿದರು. “ಎಲುಬು ಬೆಳದೈತಿ” ಅಂದರು, ಮಾತ್ರೆ ಬರೆದರು, ಕಡಿಮೆಯಾಗದಿದ್ದರೆ ಇಂಜೆಕ್ಷನ್ ಅಂದರು. ಅಷ್ಟೇ. ಆ ಎಲುಬಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆಜ್ಜೆ ಹಾಕಿದಾಗಲೆಲ್ಲ ಒಳಗಿನಿಂದ ಒಂದು ಮೊಳೆ ಚುಚ್ಚುತ್ತಿದೆ ಅನಿಸೋದು. ಹೆದರಿ ನಡೆಯುವುದನ್ನೇ ಬಿಟ್ಟೆ. ಉಣಕಲ್ ಕೆರೆ ಸುತ್ತುವುದೂ ನಿಂತಿತು. ನಾಲ್ಕು ಕೆಜಿ ತೂಕ ಬೇರೆ ಏರಿತು.

ಜನವರಿಯಲ್ಲಿ ವಿದ್ಯಾನಗರದ ಒಬ್ಬ ಫಿಜಿಯೋ ಮೇಡಂ ಹತ್ತಿರ ಹೋದೆ. ಅವರು ಎಕ್ಸ್‌ರೇ ನೋಡುವ ಮೊದಲು ಕಾಲು ನೋಡಿದರು. ರಾತ್ರಿ ಮಲಗಿದಾಗಲೂ ನೋವಾ? ಜುಮ್ಮು ಹಿಡಿಯುತ್ತಾ? ಬಾವು ಬಂದಿತ್ತಾ? ಎತ್ತರದಿಂದ ಜಿಗಿದಿದ್ರಾ? ಎಲ್ಲದಕ್ಕೂ ಇಲ್ಲ ಅಂದೆ. ಹಿಮ್ಮಡಿಯ ತಳದಲ್ಲಿ, ಒಳಮಗ್ಗುಲಿಗೆ ಹೆಬ್ಬೆರಳಿಂದ ಒತ್ತಿದರು. ನಾನು ಕೂಗಿದೆ. “ಇದೇ ಜಾಗ” ಅಂದರು. ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಲು ಹೇಳಿದರು. ಬಲಗಾಲು ಸಲೀಸಾಗಿ ಮುಟ್ಟಿತು. ಎಡದ್ದು ಮುಟ್ಟಲಿಲ್ಲ, ಮೀನಖಂಡ ಅಷ್ಟು ಬಿಗಿ.

ಎಲುಬಿನ ಕತೆ ಅವರು ಎರಡೇ ಮಾತಲ್ಲಿ ಮುಗಿಸಿದರು. ಇಂಥ ಎಲುಬು ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಕಾಣುತ್ತದಂತೆ. ನೋವು ಇರುವುದು ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಲ್ಲಿ ಹಾದುಹೋಗುವ ದಪ್ಪ ಪಟ್ಟಿಯಲ್ಲಿ. ಅದರ ಹೆಸರು ಪ್ಲಾಂಟರ್ ಫೇಶಿಯಾ. ಮಲಗಿದಾಗ ಪಾದ ಕೆಳಗೆ ಬಾಗಿರುತ್ತದೆ, ರಾತ್ರಿಯಿಡೀ ಪಟ್ಟಿ ಮುದುಡಿ ಬಿಗಿದುಕೊಳ್ಳುತ್ತದೆ. ಎದ್ದು ಮೊದಲ ಹೆಜ್ಜೆ ಇಟ್ಟಾಗ ಒಮ್ಮೆಲೇ ಜಗ್ಗುತ್ತದೆ. ಬೆಳಗಿನ ಮುಳ್ಳು ಅಂದರೆ ಇದೇ.

“ಮಿಷನ್ ಹಚ್ಚಲ್ವಾ ಮೇಡಂ?” ಅಂತ ಕೇಳಿದೆ. ನನಗೆ ಕರೆಂಟಿನ ಟ್ರೀಟ್‌ಮೆಂಟ್ ಬೇಕಿತ್ತು ನೋಡಿ. “ಮಿಷನ್ ಬ್ಯಾಡ ಅಣ್ಣಾರ. ಕಾಲಿಗೆ ಕೆಲಸ ಕೊಡೂಣು” ಅಂದರು. ನಿಜ ಹೇಳಬೇಕೆಂದರೆ ಅವತ್ತು ಕೊಟ್ಟ ಫೀಸು ದಂಡ ಅನಿಸಿತ್ತು.

ಕೊಟ್ಟ ಕೆಲಸ ಎರಡು. ಮೊದಲನೆಯದು ಹಾಸಿಗೆ ಬಿಟ್ಟು ಏಳುವ ಮೊದಲು. ಕಾಲಿನ ಮೇಲೆ ಕಾಲು ಹಾಕಿ ಕೂತು, ಬೆರಳುಗಳನ್ನು ಕೈಯಿಂದ ಮೊಣಕಾಲ ಕಡೆಗೆ ಎಳೆದು ಹತ್ತು ಎಣಿಸುವುದು. ಹೀಗೆ ಹತ್ತು ಸಲ. ಸರಿಯಾಗಿ ಎಳೆದರೆ ಅಂಗಾಲಲ್ಲಿ ಹಗ್ಗದಂತೆ ಪಟ್ಟಿ ಎದ್ದದ್ದು ಇನ್ನೊಂದು ಕೈಗೆ ಸಿಗುತ್ತದೆ. ದಿನಕ್ಕೆ ಮೂರು ಹೊತ್ತು. ಮಧ್ಯಾಹ್ನದ್ದನ್ನು ನಾನು ಅಂಗಡಿಯ ಸ್ಟಾಕ್ ರೂಮಿನಲ್ಲಿ ಮಾಡುತ್ತಿದ್ದೆ.

ಎರಡನೆಯದೇ ಮುಖ್ಯ. ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲಬೇಕು, ಹಿಮ್ಮಡಿ ಹೊರಗೆ ಗಾಳಿಯಲ್ಲಿ. ಬೆರಳುಗಳ ಕೆಳಗೆ ಸುತ್ತಿದ ಟಾವೆಲ್. ಟಾವೆಲ್ ಯಾಕೆಂದರೆ ಬೆರಳು ಮೇಲೆದ್ದಾಗ ಆ ಪಟ್ಟಿಗೆ ಜಾಸ್ತಿ ಭಾರ ಬೀಳುತ್ತದೆ. ಮೂರು ಎಣಿಸುತ್ತ ಮೇಲೇಳುವುದು, ಎರಡು ಎಣಿಸುವವರೆಗೆ ನಿಲ್ಲುವುದು, ಮತ್ತೆ ಮೂರು ಎಣಿಸುತ್ತ ಇಳಿಯುವುದು. ದಿನ ಬಿಟ್ಟು ದಿನ. ಒಂಟಿಕಾಲಲ್ಲಿ 12 ಸಲದ ಮೂರು ಸುತ್ತು ಗುರಿ. ನನಗೆ ಮೊದಲ ದಿನ ಆದದ್ದು ಐದು. ಹಾಗಾಗಿ ಒಂದು ವಾರ ಎರಡೂ ಕಾಲಲ್ಲಿ ಮಾಡಿದೆ.

ನೋಯುವ ಕಾಲಿಗೇ ಭಾರ ಹಾಕುವುದು ಹುಚ್ಚು ಅನಿಸುತ್ತದೆ, ಅಲ್ವಾ? ಮೇಡಂ ಡೆನ್ಮಾರ್ಕಿನಲ್ಲಿ 48 ಜನರ ಮೇಲೆ ಮಾಡಿದ, 2014ರಲ್ಲಿ ಹೊರಬಂದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಹೀಗೆ ಭಾರ ಎತ್ತಿದವರಿಗೆ ಮೂರು ತಿಂಗಳಲ್ಲಿ ಬರೀ ಎಳೆತ ಮಾಡಿದವರಿಗಿಂತ ಜಾಸ್ತಿ ಗುಣ ಕಂಡಿತ್ತು. ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪು ಸಮ. ಅಂದರೆ ಬೇಗ ಬೇಕಾದವರಿಗೆ ಈ ದಾರಿ. ಏಪ್ರಿಲ್‌ನಲ್ಲಿ ಲಗ್ನದ ಗಿರಾಕಿ ಶುರುವಾಗುವ ನನಗೆ ಬೇಗವೇ ಬೇಕಿತ್ತು.

ನೋವಿನ ಲೆಕ್ಕ ಹೀಗೆ: ಮಾಡುವಾಗ ಸ್ವಲ್ಪ ನೋಯಲಿ, ಪರವಾಗಿಲ್ಲ. ಮರುದಿನ ಬೆಳಗಿನ ಮೊದಲ ಹೆಜ್ಜೆ ನಿನ್ನೆಗಿಂತ ಜಾಸ್ತಿ ನೋಯಬಾರದು. ನೋವು ಜಾಸ್ತಿಯಾದರೆ ಭಾರ ಇಳಿಸು. ಹತ್ತರಲ್ಲಿ ಎಷ್ಟು ಅಂತ ಕ್ಯಾಲೆಂಡರ್‌ನಲ್ಲಿ ಬರೆಯುತ್ತಿದ್ದೆ. ಜನವರಿಯೆಲ್ಲ ಏಳು, ಏಳು, ಆರು, ಏಳು.

ಬರೀ ಮೈತೂಕದಲ್ಲಿ 12 ಸಲೀಸಾದ ಮೇಲೆ ಬೆನ್ನಿಗೆ ಭಾರ ಬೇಕಾಯಿತು. ಮಗನ ಪಾಟಿಚೀಲಕ್ಕೆ ಪುಸ್ತಕ ತುಂಬಿ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ, ಆರು ಕೆಜಿ. ಭಾರ ಏರಿಸಿದಂತೆ ಎಣಿಕೆ ಹತ್ತಕ್ಕೆ, ಆಮೇಲೆ ಎಂಟಕ್ಕೆ ಇಳಿಯುತ್ತದೆ, ಸುತ್ತು ನಾಲ್ಕು, ಐದು ಆಗುತ್ತದೆ. ನಡುವೆ ಎರಡು ನಿಮಿಷ ಸುಧಾರಿಸಿಕೊಳ್ಳಬೇಕು. ಎದುರುಮನೆ ಕಾಕಾ ದಿನಾ ನಿಂತು ನೋಡುತ್ತಿದ್ದರು. “ಈ ವಯಸ್ಸಿನ್ಯಾಗ ಸಾಲಿಗೆ ಹೊಂಟೇನಪಾ?”

ನಡುವೆ ಎಡವಟ್ಟು ಮಾಡಿಕೊಂಡೆ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ. ನೋವು ಮೂರಕ್ಕೆ ಇಳಿದಿತ್ತು, ಗುಣವಾಯಿತು ಅಂತಲೇ ತಿಳಿದು ಮನೆಯಿಂದ ಬರಿಗಾಲಲ್ಲೇ ಹೋಗಿ ಬಂದೆ. ಎರಡು ದಿನಕ್ಕೆ ಎಂಟು. ಮೇಡಂ ಬೈಯಲಿಲ್ಲ. ಪೂರ್ತಿ ಬಿಡಬೇಡಿ, ಚೀಲ ಇಳಿಸಿ, ಎರಡೂ ಕಾಲಿಗೆ ವಾಪಸ್ ಹೋಗಿ ಅಂದರು. ಹತ್ತು ದಿನ ಹಿಡಿಯಿತು.

ಅಂಗಡಿಯ ನೆಲದ್ದು ಬೇರೆಯೇ ಪಂಚಾಯ್ತಿ. ಗಾದಿಯ ಹತ್ತಿರ ಚಪ್ಪಲಿ ಅಂದರೆ ಮಾಲಕರಿಗೆ ಆಗುವುದಿಲ್ಲ. “ಮಾಲಕರ, ಒಳಗಷ್ಟೇ ಹಾಕ್ಕೊಳ್ಳಾಕ ಬ್ಯಾರೆ ಚಪ್ಪಲಿ ಇಡ್ತೀನ್ರಿ, ಹೊರಗ ಒಯ್ಯೂದಿಲ್ಲ” ಅಂತ ಕೇಳಿದೆ. ಒಂದು ವಾರ ತೆಗೆದುಕೊಂಡು ಹೂಂ ಅಂದರು. ದಪ್ಪ ಅಟ್ಟೆಯ, ಹಿಮ್ಮಡಿ ಸ್ವಲ್ಪ ಎತ್ತರ ಇರುವ ಜೋಡಿ ತಂದೆ. ಕಪಾಟಿನ ಮುಂದೆ ರಬ್ಬರ್ ಮ್ಯಾಟ್ ಕೂಡ ಬಂತು. ಈಗ ನಾಲ್ವರೂ ಅದರ ಮೇಲೇ ನಿಲ್ಲುತ್ತಾರೆ, ನನಗೇ ಜಾಗ ಸಿಗಲ್ಲ.

ಏಪ್ರಿಲ್ ಕೊನೆಗೆ ಕ್ಯಾಲೆಂಡರ್‌ನಲ್ಲಿ ಒಂದು, ಸೊನ್ನೆ, ಒಂದು. ಮೇ ಸೀಸನ್ ನಿಂತೇ ಕಳೆದೆ. ಫಿಜಿಯೋ ಹತ್ತಿರ ಹೋದದ್ದು ಒಟ್ಟು ಐದೇ ಸಲ, ಉಳಿದದ್ದೆಲ್ಲ ಮೆಟ್ಟಿಲ ಮೇಲೆ. ಈಗಲೂ ವಾರಕ್ಕೆ ಎರಡು ಸಲ ಹತ್ತುತ್ತೇನೆ. ಆದರೆ ಸಾಲಿ ಶುರುವಾಗಿದೆ, ಮಗ ಚೀಲ ವಾಪಸ್ ಕಸಿದುಕೊಂಡ. “ಅಪ್ಪಾ, ನೀ ಜ್ವಾಳದ ಚೀಲ ಹೊತ್ಕೊ” ಅಂದ. ಹೊತ್ತು ನೋಡಿದೆ. ಹತ್ತು ಕೆಜಿ, ಎಂಟು ಸಲ ಆಯಿತು.