ಗ್ರಾಮಫೋನ್ ತಟ್ಟೆ ಮಾರುವ ಮುನ್ನ ಬಲ್ಬಿನ ಬೆಳಕಿಗೆ ಹಿಡಿಯಿರಿ

ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಗ್ರಾಮಫೋನ್ ತಟ್ಟೆಗಳಿಗೆ ಸಾಮಾನ್ಯವಾಗಿ ಎರಡೇ ಗತಿ. ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತವೆ, ಇಲ್ಲವೇ ‘ಹಳೇದು, ಲಕ್ಷ ಬಾಳುತ್ತೆ’ ಎಂಬ ನಂಬಿಕೆಯಲ್ಲಿ ಮತ್ತೆ ಅಟ್ಟ ಸೇರುತ್ತವೆ. ಎರಡರಲ್ಲೂ ನಷ್ಟವೇ. ವಯಸ್ಸಾಯಿತೆಂದು ತಟ್ಟೆಗೆ ಬೆಲೆ ಬರುವುದಿಲ್ಲ. ಅದು ಯಾವ ಮುದ್ರಣ, ಎಷ್ಟು ಜನಕ್ಕೆ ಬೇಕು, ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಮೊದಲ ಎರಡು ನಿಮ್ಮ ಕೈಯಲ್ಲಿಲ್ಲ. ಮೂರನೆಯದನ್ನು ಸರಿಯಾಗಿ ನೋಡಿ, ನೋಡಿದ್ದನ್ನು ಹಾಗೇ ಹೇಳುವುದಷ್ಟೇ ಮಾರುವವರ ಕೆಲಸ.

ಅರಗು ಬೇರೆ, ವಿನೈಲ್ ಬೇರೆ

ಮೊದಲು ರಾಶಿಯನ್ನು ಎರಡು ಮಾಡಿ. ನಿಮಿಷಕ್ಕೆ 78 ಸುತ್ತಿನ, ಹೆಚ್ಚಾಗಿ 10 ಇಂಚಿನ, ದಪ್ಪನೆಯ ಭಾರದ ತಟ್ಟೆಗಳು ಅರಗಿನವು. ಬದಿಗೆ ಮೂರು ನಿಮಿಷದ ಹಾಡು. ಕೈಜಾರಿದರೆ ಹಂಚಿನಂತೆ ಒಡೆಯುತ್ತವೆ. 12 ಇಂಚಿನ ಎಲ್‌ಪಿ (ಲಾಂಗ್ ಪ್ಲೇ), 7 ಇಂಚಿನ ಇಪಿ (ಎಕ್ಸ್‌ಟೆಂಡೆಡ್ ಪ್ಲೇ) ವಿನೈಲ್ ಎಂಬ ಪ್ಲಾಸ್ಟಿಕ್ಕಿನವು; ಕೊಂಚ ಬಾಗುತ್ತವೆ. ಎಲ್‌ಪಿ ಅಮೆರಿಕದಲ್ಲಿ ಬಂದದ್ದು 1948ರಲ್ಲಿ. ಆದರೂ ನಮ್ಮಲ್ಲಿ 1960ರ ದಶಕದಲ್ಲೂ 78ರ ತಟ್ಟೆ ತಯಾರಾಗುತ್ತಿತ್ತು. ಹಾಗಾಗಿ ಒಂದೇ ಸಿನಿಮಾ ಹಾಡು ಎರಡೂ ರೂಪದಲ್ಲಿ ಸಿಕ್ಕರೆ ಗಾಬರಿ ಬೇಡ. 7 ಇಂಚಿನದೆಲ್ಲ 45 ಸುತ್ತಿನದು ಎಂದೂ ತಿಳಿಯಬೇಡಿ. ‘ಸೂಪರ್ 7’ ಎಂದು ಬಂದವು 33⅓ರಲ್ಲಿ ಓಡುತ್ತವೆ. ಲೇಬಲ್ ಓದಿ.

ಈ ವಿಂಗಡಣೆ ತೊಳೆಯುವ ಮೊದಲೇ ಆಗಬೇಕು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿಗಳು ಬಾಗಿಲಿಗೆ ಹೊಡೆಯುವ ಫ್ರೆಂಚ್ ಪಾಲಿಶ್ ಹಾಗೆ ಕರಗಿಸಿದ ಅರಗೇ. 78ರ ತಟ್ಟೆಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿದರೆ ಹಾಡೇ ಅಳಿಸಿಹೋಗುತ್ತದೆ.

ತೊಳೆದ ಮೇಲೆ ಗ್ರೇಡು

ವಿನೈಲಿಗೆ ಒಂದು ಲೀಟರ್ ಡಿಸ್ಟಿಲ್ಡ್ ನೀರು, ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ 50 ಮಿ.ಲೀ., ಪಾತ್ರೆ ತೊಳೆಯುವ ದ್ರಾವಣ ಎರಡು ಹನಿ ಸಾಕು. ಅರಗಿನದಕ್ಕೆ ಆಲ್ಕೋಹಾಲ್ ಬಿಟ್ಟು ಉಳಿದದ್ದು. ಮೈಕ್ರೋಫೈಬರ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ತಟ್ಟೆ ಸುತ್ತುವ ದಿಕ್ಕಿಗೇ ಒರೆಸಿ. ಕೇಂದ್ರದಿಂದ ಅಂಚಿಗೆ ಅಡ್ಡಡ್ಡ ಬೇಡ. ಕಾಗದದ ಲೇಬಲ್‌ಗೆ ನೀರು ತಾಕಬಾರದು. ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಅರಗಿನ ತಟ್ಟೆಯನ್ನು ನೀರಲ್ಲಿ ನೆನೆಸಿಡಬಾರದು, ಒರೆಸಿದ ಕೂಡಲೇ ಒಣಬಟ್ಟೆ ಹಾಕಿ. ನಲ್ಲಿ ನೀರು, ಅದರಲ್ಲೂ ಬೋರ್‌ವೆಲ್ ನೀರು ಬೇಡವೇ ಬೇಡ. ಪಾತ್ರೆಯ ತಳದಲ್ಲಿ ಕೂರುವ ಬಿಳಿ ಸುಣ್ಣ ಗ್ರೂವ್‌ನಲ್ಲೂ (ಮುಳ್ಳು ಓಡುವ ಸಣ್ಣ ಗೆರೆಯಲ್ಲೂ) ಕೂರುತ್ತದೆ, ಮುಳ್ಳಿಗೆ ಅದು ಪಟಪಟ ಸದ್ದು.

ಧೂಳಿದ್ದಾಗ ಗ್ರೇಡು, ಅಂದರೆ ಸ್ಥಿತಿಯ ದರ್ಜೆ, ಹಾಕಿದರೆ ಎರಡೂ ಕಡೆ ತಪ್ಪುತ್ತದೆ. ಬೂಷ್ಟು ಕಂಡು ಒಳ್ಳೆಯ ತಟ್ಟೆಯನ್ನು ಕೆಳಗಿಳಿಸುತ್ತೀರಿ, ಧೂಳಿನಡಿಯ ಗೀರನ್ನು ಕಾಣದೆ ಕೆಟ್ಟದ್ದನ್ನು ಮೇಲಕ್ಕೇರಿಸುತ್ತೀರಿ.

ಈಗ ಟ್ಯೂಬ್‌ಲೈಟ್ ಆರಿಸಿ ಒಂದೇ ಒಂದು ಬಲ್ಬ್ ಹಚ್ಚಿ. ಟ್ಯೂಬಿನ ಹರಡಿದ ಬೆಳಕು ಗೀರುಗಳನ್ನು ಮುಚ್ಚುತ್ತದೆ. ತಟ್ಟೆಯನ್ನು ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ವಾಲಿಸಿ. ಗೀರು ಕಂಡಲ್ಲಿ ಉಗುರಿನ ತುದಿಯನ್ನು ಹಗುರವಾಗಿ ಆಡಿಸಿ. ಉಗುರಿಗೆ ಸಿಗದಿದ್ದರೆ ಅದು ಕವರಿನೊಳಗೆ ಉಜ್ಜಿದ ಗುರುತು, ಹೆಚ್ಚಾಗಿ ಕೇಳಿಸದು. ಸಿಕ್ಕರೆ ಕೇಳಿಸುತ್ತದೆ. ಎಲ್‌ಪಿಯ ಒಂದು ಸೆಂಟಿಮೀಟರ್ ಅಗಲದಲ್ಲಿ ಗ್ರೂವ್ ಸುಮಾರು ನೂರು ಸುತ್ತು ಹಾಕಿರುತ್ತದೆ, ಒಂದು ಸುತ್ತಿಗೆ 1.8 ಸೆಕೆಂಡ್. ಅಂದರೆ ಒಂದು ಸೆಂಟಿಮೀಟರಿನ ಅಡ್ಡಗೀರು ಮೂರು ನಿಮಿಷದ ‘ಟಿಕ್ ಟಿಕ್’. ಒಂದಿಡೀ ಹಾಡು ಹೋಯಿತು. ಗ್ರೂವ್ ಜೊತೆಜೊತೆಗೇ ಸಾಗುವ ಗೀರು ನೋಡಲು ಚಿಕ್ಕದು, ಆದರೆ ಮುಳ್ಳು ಅಲ್ಲಿ ಸಿಕ್ಕಿಕೊಂಡು ಒಂದೇ ಪದವನ್ನು ಪದೇಪದೇ ಹಾಡಿಸುತ್ತದೆ.

ಸವೆತ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಹೊಳೆಯುವ ತಟ್ಟೆಯೂ ಸವೆದಿರಬಹುದು. ಹಾಗಾಗಿ ಪ್ರತಿ ಬದಿಯ ಕೊನೆಯ ಹಾಡನ್ನು ಕೇಳಿ. ಒಳಸುತ್ತುಗಳಲ್ಲಿ ಗ್ರೂವ್ ಮುಳ್ಳಿನಡಿ ನಿಧಾನವಾಗಿ ಹಾಯುತ್ತದೆ, ಸದ್ದು ಇಕ್ಕಟ್ಟಿನಲ್ಲಿ ಕೆತ್ತಿರುತ್ತದೆ, ಮೊದಲು ಕೆಡುವುದು ಅಲ್ಲೇ. ತಾರಸ್ಥಾಯಿಯಲ್ಲಿ ದನಿ ಒಡೆದರೆ, ‘ಸ’ಕಾರ ಚರಚರ ಎಂದರೆ ಸವೆತ ಖಚಿತ. ಕೇಳಲು ಅಜ್ಜನ ಕೊಳವೆ ಗ್ರಾಮಫೋನಿಗೆ ಎಲ್‌ಪಿ ಏರಿಸಬೇಡಿ. ಅದರ ತಲೆಯ ಭಾರ ನೂರು ಗ್ರಾಂಗೂ ಹೆಚ್ಚು, ಎಲ್‌ಪಿ ತಾಳುವುದು ಎರಡು ಗ್ರಾಂ ಆಸುಪಾಸು. 78ರ ತಟ್ಟೆಗೂ ಎಲ್‌ಪಿಯ ಮುಳ್ಳು ಆಗದು. ಅಗಲದ ಗ್ರೂವ್‌ನ ತಳದಲ್ಲಿ ಬಿದ್ದು ಬರೀ ಸುರ್ರೆನ್ನುತ್ತದೆ.

ಅಕ್ಷರಗಳ ಅರ್ಥ

ಹೆಚ್ಚು ಚಾಲ್ತಿಯಲ್ಲಿರುವುದು ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆಯ ಅಳತೆ. ಮಿಂಟ್ ಎಂದರೆ ನುಡಿಸಿಯೇ ಇಲ್ಲದ್ದು; ಆ ಪದವನ್ನು ಬರೆಯಲೇಬೇಡಿ. ನಿಯರ್ ಮಿಂಟ್, ಗುರುತೇ ಕಾಣದಷ್ಟು ಹೊಸದು. ವಿಜಿ ಎಂದರೆ ‘ವೆರಿ ಗುಡ್’. ವಿಜಿ ಪ್ಲಸ್‌ನಲ್ಲಿ ಉಗುರಿಗೆ ಸಿಗದ ಗೀರುಗಳಿರಬಹುದು, ಸದ್ದು ಶುದ್ಧ. ವಿಜಿಯಲ್ಲಿ ಹಾಡಿನ ಹಿಂದೆ ಚಿಟಪಟ ಕೇಳುತ್ತದೆ, ಹಾಡನ್ನು ಮುಚ್ಚುವುದಿಲ್ಲ. ಗುಡ್ ಎಂದರೆ ಹೆಸರಿಗಷ್ಟೇ ಗುಡ್: ಮುಳ್ಳು ಜಿಗಿಯದೆ ಕೊನೆ ಮುಟ್ಟುತ್ತದೆ, ಅಷ್ಟೇ. ಪೂರ್ ಎಂದರೆ ಗೋಡೆಗೆ ನೇತುಹಾಕಲು. ನಿಯರ್ ಮಿಂಟ್‌ಗೆ ನೂರು ರೂಪಾಯಿ ಇದ್ದರೆ ವಿಜಿ ಪ್ಲಸ್‌ಗೆ ಐವತ್ತು, ವಿಜಿಗೆ ಇಪ್ಪತ್ತೈದು, ಗುಡ್‌ಗೆ ಹತ್ತು-ಹದಿನೈದು ಎಂಬುದು ರೂಢಿಯ ಲೆಕ್ಕ. ಎರಡರ ನಡುವೆ ಮನಸ್ಸು ತೂಗಾಡಿದರೆ ಕೆಳಗಿನದನ್ನೇ ಬರೆಯಿರಿ. ವಾಪಸು ಬರುವ ಪಾರ್ಸೆಲ್ಲಿನ ಖರ್ಚು ಆ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

ಕವರಿಗೆ ಬೇರೆ ಗ್ರೇಡು. ‘ವಿಜಿ ಪ್ಲಸ್ / ವಿಜಿ’ ಎಂದರೆ ಮೊದಲನೆಯದು ತಟ್ಟೆ, ಎರಡನೆಯದು ಕವರು. ಹರಿದ ಹೊಲಿಗೆ (ಕವರಿನ ಅಂಟಿಸಿದ ಅಂಚು), ಗೆದ್ದಲು, ಸೆಲ್ಲೋಟೇಪು, ಪೆನ್ನಿನಲ್ಲಿ ಬರೆದ ಮನೆಯವರ ಹೆಸರು ಎಲ್ಲವನ್ನೂ ನಮೂದಿಸಿ. ಟೇಪನ್ನು ಕೀಳಲು ಹೋಗಬೇಡಿ, ಚಿತ್ರವೂ ಜೊತೆಗೆ ಎದ್ದುಬರುತ್ತದೆ.

78ರ ತಟ್ಟೆಯ ಪರೀಕ್ಷೆ ಕಿವಿಯದು. ಮಡಕೆ ಕೊಳ್ಳುವವರು ಮಾಡುವ ಹಾಗೆ, ನಡುವಿನ ತೂತಿಗೆ ಬೆರಳು ಹಾಕಿ ತೂಗಿಸಿ, ಅಂಚಿಗೆ ಬೆರಳುಗಂಟಿನಿಂದ ಮೆಲ್ಲಗೆ ತಟ್ಟಿ. ‘ಟಣ್’ ಎಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಕೂದಲೆಳೆಯ ಬಿರುಕೊಂದು ಎಲ್ಲೋ ಇದೆ.

ಯಾವುದು ಇಡುವಂಥದ್ದು

ಕವರಿನ ಸಂಖ್ಯೆ, ಲೇಬಲ್ ಸಂಖ್ಯೆ, ಹಾಡು ಮುಗಿದ ಮೇಲಿನ ನುಣುಪು ಜಾಗದಲ್ಲಿ ಕೆತ್ತಿರುವ ಸಂಖ್ಯೆ, ಮೂರನ್ನೂ ಬರೆದುಕೊಳ್ಳಿ. ಎಚ್‌ಎಂವಿಯ ಭಾರತೀಯ ಎಲ್‌ಪಿಗಳಲ್ಲಿ ‘ಇಸಿಎಲ್‌ಪಿ’ ಮೋನೊ, ‘ಇಸಿಎಸ್‌ಡಿ’ ಸ್ಟೀರಿಯೊ. ಮಾರುಕಟ್ಟೆ ತುಂಬ ಬಿದ್ದಿರುವ ಹಿಂದಿ ಹಿಟ್‌ಗಳ ಎಲ್‌ಪಿಗೆ ಹೆಚ್ಚು ಆಸೆ ಬೇಡ. ಚಿತ್ರವಿರುವ ಮೂಲ ಕವರಿನ ಹಳೆಯ ಕನ್ನಡ ಚಿತ್ರಗೀತೆ ಇಪಿಗಳು, ನಾಟಕಗಳ ತಟ್ಟೆ ಸೆಟ್‌ಗಳು, ಶಾಸ್ತ್ರೀಯ ಸಂಗೀತದ 78ರ ತಟ್ಟೆಗಳನ್ನು ಪಕ್ಕಕ್ಕಿಡಿ. ಗುರುತಿಲ್ಲದ ಹೆಸರನ್ನು ತಳ್ಳಿಹಾಕಬೇಡಿ: ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳಲ್ಲಿ ಇರುವುದು ‘ಗಾಂಧಾರಿ’ ಎಂಬ ಹೆಸರು. ಒಂದೇ ಬದಿಯಲ್ಲಿ ಹಾಡು ಇದ್ದು ‘ಹ್ಯಾನೋವರ್’ ಎಂದು ಅಚ್ಚಾಗಿದ್ದರೆ ಅದು ಜರ್ಮನಿಯಲ್ಲಿ ಒತ್ತಿ ತರಿಸಿದ ಕಾಲದ್ದು. ಭಾರತದ ಮೊದಲ ಧ್ವನಿಮುದ್ರಣಗಳು ನಡೆದದ್ದು 1902ರಲ್ಲಿ ಕೋಲ್ಕತ್ತದಲ್ಲಿ, ಅಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ಅಂಥದ್ದನ್ನು ಮೊದಲು ಕೇಳಿದವರಿಗೆ ಕೊಡಬೇಡಿ.

ಬೆಲೆಗೆ, ತಟ್ಟೆಗಳನ್ನು ಮಾರಿ ಕೊಳ್ಳುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಅದೇ ಸಂಖ್ಯೆಯ ಮುದ್ರಣ ಹುಡುಕಿ, ಕೇಳುತ್ತಿರುವ ಬೆಲೆಯನ್ನಲ್ಲ, ಈಗಾಗಲೇ ಮಾರಾಟವಾದ ಬೆಲೆಯನ್ನು ನೋಡಿ. ಅಂಗಡಿಯವರು ರಾಶಿಗೆ ಒಟ್ಟಾಗಿ ಕೊಡುವುದು ಇದಕ್ಕಿಂತ ಬಹಳ ಕಡಿಮೆ. ಅವರು ಮಾರುವವರೆಗೆ ಇಟ್ಟುಕೊಳ್ಳಬೇಕಲ್ಲ. ಆಯ್ದ ಇಪ್ಪತ್ತು ತಟ್ಟೆಗಳನ್ನು ಒಂದೊಂದಾಗಿ, ಉಳಿದದ್ದನ್ನು ರಾಶಿಯಾಗಿ ಮಾರುವುದು ಸಮ.

ಕಳಿಸುವಾಗ

ಎಲ್‌ಪಿಯನ್ನು ಒಳಕವರಿನ ಸಮೇತ ಹೊರಕವರಿಂದ ತೆಗೆದು ಅದರ ಹಿಂದಿಡಿ. ಒಳಗೇ ಇದ್ದರೆ ದಾರಿಯಲ್ಲಿ ಕುಲುಕಿ ತಟ್ಟೆಯ ಅಂಚು ಹೊಲಿಗೆಯನ್ನು ಸೀಳುತ್ತದೆ. 13 ಇಂಚಿನ ರಟ್ಟನ್ನು ಎರಡೂ ಬದಿಗೆ ಎರಡೆರಡು ಹಾಕಿ, ಒಂದರ ಏಣು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರಲಿ. 78ಕ್ಕೆ ಇಷ್ಟು ಸಾಲದು. ರಟ್ಟುಗಳ ನಡುವಿಟ್ಟು ಬಬಲ್ ರ‍್ಯಾಪ್ ಸುತ್ತಿ ಒಂದು ಡಬ್ಬಿ, ಅದರ ಸುತ್ತ ಐದು ಸೆಂಟಿಮೀಟರ್ ಮೆತ್ತೆಯಿಟ್ಟು ಇನ್ನೊಂದು ಡಬ್ಬಿ.

ನೂರು ವರ್ಷ ದಾಟಿದ ತಟ್ಟೆಗೆ ವಿದೇಶದಿಂದ ಗಿರಾಕಿ ಬಂದರೆ ದುಡ್ಡು ಪಡೆಯುವ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಐತಿಹಾಸಿಕ ಮಹತ್ವದ, ನೂರು ವರ್ಷ ತುಂಬಿದ ವಸ್ತುಗಳನ್ನು ಖಾಸಗಿಯವರು ದೇಶದಿಂದಾಚೆ ಕಳಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ.