ಥರ್ಮೋಕೋಲ್ ಗುಹೆ, ಒಂದೇ ಬಲ್ಬು

ನಾನು ಒಂದು ವಿಡಿಯೊ ಗೇಮ್‌ನ ಗುಹೆ ಲೆವೆಲ್‌ಗೆ (ಹಂತಕ್ಕೆ) ಬರೆದ ಹನ್ನೊಂದು ಚಿತ್ರಗಳೂ ಹೋದ ತಿಂಗಳು ಸ್ಟುಡಿಯೊದಲ್ಲಿ ಒಂದೇ ಸಲಕ್ಕೆ ಪಾಸಾದವು. ಎರಡು ವರ್ಷದಿಂದ "ಹಳೇ ಮಾಯಾಜಾಲದ ಸಿನಿಮಾ ನೋಡಿಕೊಂಡು ಗೇಮ್ ಆರ್ಟ್ ಮಾಡೋಕಾಗುತ್ತಾ" ಎನ್ನುತ್ತಿದ್ದ ಗೆಳೆಯರು ಈಗ ಫೈಲ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಮಾಯಾಜಾಲದ ಸಿನಿಮಾಗಳ ನಿರ್ದೇಶಕ, ನಮ್ಮ ಉಡುಪಿ ಕಡೆಯ ವಿಠಲಾಚಾರ್ಯರ ಚಿತ್ರಗಳಿಂದ ನಾನೂರು ಸ್ಕ್ರೀನ್‌ಶಾಟ್ ಆದರೂ ತೆಗೆದಿದ್ದೆ. ಕಿರೀಟ, ಗದೆ, ದೆವ್ವ, ಅಸ್ಥಿಪಂಜರ ಎಲ್ಲವನ್ನೂ ತಂದು ತುಂಬಿಸಿದೆ. ಆಟಗಾರ ಎಲ್ಲಿ ನಿಂತಿದ್ದಾನೆ ಅನ್ನೋದೇ ಕಾಣುತ್ತಿರಲಿಲ್ಲ. ಸ್ಟುಡಿಯೊದವರು ಬೇಡ ಎಂದರು. ಬರಬೇಕಿದ್ದ 45 ಸಾವಿರ ಚಿಲ್ಲರೆ ಬರಲೇ ಇಲ್ಲ. ಮೂರು ತಿಂಗಳ ಬಾಡಿಗೆ ಅದು.

ಕಣ್ಣು ತೆರೆಸಿದ್ದು 1940ರ 'ದಿ ಥೀಫ್ ಆಫ್ ಬಾಗ್ದಾದ್'. ಮೈಸೂರು ಸೀಮೆಯ ಮಾವುತನ ಮಗ ಸಾಬು ನಟಿಸಿದ ಚಿತ್ರ. ಅದರಲ್ಲಿ ಊರು ಎಷ್ಟೋ ಕಡೆ ಅರ್ಧ ಸೆಟ್, ಅರ್ಧ ಪೇಂಟಿಂಗ್. ಆದರೂ ನಂಬುತ್ತೇವೆ, ಅಲ್ವಾ? ನನಗೆ ಕಂಡ ಕಾರಣ ಇಷ್ಟೇ: ಬೆಳಕು ಒಂದೇ ಕಡೆಯಿಂದ ಬರುತ್ತದೆ, ಹತ್ತಿರದ್ದು ಕಪ್ಪು, ದೂರದ್ದು ಮಸುಕು. ಕಂಪನಿ ನಾಟಕದ ಪರದೆಗಳೂ ಹಾಗೇ ಒಂದರ ಹಿಂದೆ ಒಂದು ಇರುತ್ತಿದ್ದವು. ನಮ್ಮ ಸೈಡ್ ಸ್ಕ್ರೋಲರ್‌ನ (ಪಕ್ಕಕ್ಕೆ ಸರಿಯುತ್ತಾ ಹೋಗುವ ಗೇಮ್‌ನ) ಪ್ಯಾರಲಾಕ್ಸ್ ಲೇಯರ್, ಅಂದರೆ ಬೇರೆ ಬೇರೆ ವೇಗದಲ್ಲಿ ಸರಿಯುವ ಹಿನ್ನೆಲೆ ಪದರಗಳು ಕೂಡ ಅದೇ ತಾನೆ. ನಾನು ತರಬೇಕಿದ್ದದ್ದು ಈ ಪದರ, ಈ ಬೆಳಕು. ಸುಮ್ನೆ ಕಿರೀಟಗಳ ಹಿಂದೆ ಬಿದ್ದಿದ್ದೆ.

ಚಿಕ್ಕಪೇಟೆಯಿಂದ ಥರ್ಮೋಕೋಲ್ ತಂದು ಊಟದ ಮೇಜಿನ ಮೇಲೆ ಮೂರಡಿ ಗುಹೆ ಕಟ್ಟಿದೆ. ಎರಡು ದಿನದ ಕೆಲಸ. ಕಪ್ಪು ಸ್ಪ್ರೇ ಹೊಡೆದ ಕೂಡಲೇ ಥರ್ಮೋಕೋಲ್ ಕರಗಿ ಕುಸಿಯಿತು. ಸ್ಪ್ರೇಯಲ್ಲಿರುವ ಥಿನ್ನರ್ ಅದನ್ನು ತಿನ್ನುತ್ತದೆ. ಆಮೇಲೆ ನೀರಿನ ಎಮಲ್ಷನ್‌ಗೆ ಫೆವಿಕಾಲ್ ಬೆರೆಸಿ ಬಳಿದೆ. ಆದರೆ ಕರಗಿದ ತುಂಡುಗಳನ್ನು ಎಸೆಯಲಿಲ್ಲ. ಆ ತೂತುಗಳು ಥೇಟ್ ಸುಣ್ಣದ ಕಲ್ಲಿನ ಗುಹೆಯಂತೆ ಇದ್ದವು. ಈಗ ಬೇಕಂತಲೇ ತಾರಸಿಯ ಮೇಲೆ, ಮಾಸ್ಕ್ ಹಾಕಿ ಕರಗಿಸುತ್ತೇನೆ. ಒಂದೇ ಬಲ್ಬು, ಊದುಬತ್ತಿ ಹೊಗೆ, ಫೋನಿನಲ್ಲಿ ಫೋಟೋ. ಅದನ್ನು ಕಪ್ಪು ಬಿಳುಪು ಮಾಡಿ, ಮೂರೇ ಛಾಯೆಗೆ ಇಳಿಸಿ, ಮೇಲೆ ಪೇಂಟ್. ಬಣ್ಣ ಕೊನೆಗೆ. ಒಟ್ಟು ಖರ್ಚು 1,800 ದಾಟಿರಲಿಕ್ಕಿಲ್ಲ.

ಮಧ್ಯೆ ಮೋಡದ ಹುಚ್ಚೂ ಹಿಡಿಯಿತು. ಹಳೆಯ ಮೀನಿನ ತೊಟ್ಟಿಯಲ್ಲಿ ಕೆಳಗೆ ಉಪ್ಪುನೀರು, ಮೇಲೆ ಸಿಹಿನೀರು. ಬಿಳಿ ಬಣ್ಣ ಬಿಟ್ಟರೆ ಎರಡರ ನಡುವೆ ಮೋಡದಂತೆ ಹರಡುತ್ತದೆ. ಹತ್ತರಲ್ಲಿ ಎಂಟು ಸಲ ಕೆಳಗಿಳಿದು ಕೆಡುತ್ತಿತ್ತು. ಸಿಹಿನೀರನ್ನು ತೀರಾ ನಿಧಾನ ಸುರಿಯಬೇಕು.

ಹಳೇ ಸಿನಿಮಾದಿಂದ ಗೇಮ್‌ಗೆ ತರುವುದೇನು ನನ್ನ ಹೊಸ ಶೋಧವಲ್ಲ. 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಗೇಮ್‌ನ ಕತ್ತಿವರಸೆಗೆ ಜೋರ್ಡನ್ ಮೆಕ್ನರ್ 1938ರ ರಾಬಿನ್ ಹುಡ್ ಚಿತ್ರದ ಕಾಳಗವನ್ನೇ ಆಧಾರ ಮಾಡಿಕೊಂಡಿದ್ದ. ಗೊಂಬೆಗಳನ್ನು ಒಂದೊಂದೇ ಫ್ರೇಮಿಗೆ ಕದಲಿಸಿ ಚಿತ್ರಿಸುತ್ತಿದ್ದ ರೇ ಹ್ಯಾರಿಹೌಸನ್ 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್' ಚಿತ್ರದಲ್ಲಿ ಏಳು ಅಸ್ಥಿಪಂಜರಗಳ ಒಂದು ಕಾಳಗಕ್ಕೆ ನಾಲ್ಕು ತಿಂಗಳಿಗೂ ಜಾಸ್ತಿ ಸಮಯ ಕೊಟ್ಟಿದ್ದರು. ಆ ತಡೆದು ತಡೆದು ಚಲಿಸುವ ಗತಿಯನ್ನು ನಮ್ಮ ಗೇಮ್‌ನ ಒಬ್ಬ ಶತ್ರುವಿಗೆ ಕೊಟ್ಟು ನೋಡಿದೆ. ಅವನು ಕೈ ಎತ್ತುವುದು ಆಟಗಾರನಿಗೆ ಮೊದಲೇ ಗೊತ್ತಾಗುತ್ತದೆ. ಅದನ್ನು ಹಾಗೇ ಉಳಿಸಿಕೊಂಡಿದ್ದೇವೆ.

ಫೈಲ್ ಕೇಳಿದವರಿಗೆ ಸೆಟ್‌ನ ಫೋಟೋಗಳನ್ನೆಲ್ಲ ಕೊಡುತ್ತೇನೆ. ಬಲ್ಬಿನ ಮುಂದೆ ಏನು ಕಟ್ಟುತ್ತೇನೆ ಅನ್ನೋದನ್ನು ಮಾತ್ರ ಈ ಗೇಮ್ ಬರುವವರೆಗೆ ಹೇಳುವುದಿಲ್ಲ.